ಇನ್‌ಸ್ಪೆಕ್ಷನ್ ಮಡಿವಾಳಪ್ಪನವರ ಕ್ಯಾಮೆರಾ

ಮಡಿವಾಳಪ್ಪನವರ ಕಣ್ಣಿಗೆ ಈ ಭೂಮಿ ಮೇಲೆ ಯಾವುದೂ ಸರಿ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡೋದು ವಾಸಿ. ಇಲ್ಲದಿದ್ದರೆ ಮುಂದೆ ಅವರ ಬಾಯಿಂದ ಬರುವ ಮಾತು ಕೇಳಿ, ಪಾಪ, ಏನೋ ಕಷ್ಟದಲ್ಲಿದ್ದಾರೆ ಅಂತ ನೀವು ಕರಗಿಬಿಡಬಹುದು. ಕಷ್ಟವೂ ಇಲ್ಲ, ಮಣ್ಣೂ ಇಲ್ಲ. ಸ್ವಂತ ಫ್ಲ್ಯಾಟು, ನೆಟ್ಟಗಿರುವ ಮಂಡಿ, ದಿನಾ ಬೆಳಿಗ್ಗೆ ರೊಟ್ಟಿ ಬಡಿದುಕೊಡುವ ಹೆಂಡತಿ ಕಮಲಮ್ಮ, ಒಳ್ಳೆ ಕಡೆ ಸೇರಿಕೊಂಡ ಮಗಳು. ಇಷ್ಟೆಲ್ಲ ಇದ್ದೂ ಆ ಮನುಷ್ಯ ಬಾಗಿಲಿಗೆ ಬಂದ ಹಾಲಿನ ಪ್ಯಾಕೆಟ್ಟನ್ನು ಎತ್ತಿ ಹಿಡಿದು, ಅಂಚು ಸೊಟ್ಟ ಕತ್ತರಿಸಿದ್ದಾರೆ ಅಂತ ಮೂಗು ಮುರಿಯದೆ ಒಳಗೆ ತರುತ್ತಿರಲಿಲ್ಲ.

ಪೀಣ್ಯದಲ್ಲಿ ಪಂಪಿನ ಬಿಡಿಭಾಗ ಮಾಡುವ ಒಂದು ಕಾರ್ಖಾನೆ. ಹಾವೇರಿ ಕಡೆಯಿಂದ ಬಂದು ಅಲ್ಲಿ ಸೇರಿದ ದಿನದಿಂದ ನಿವೃತ್ತಿಯಾಗುವ ತನಕ ಅವರು ಕೂತದ್ದು ಒಂದೇ ಕೋಣೆಯಲ್ಲಿ, ಇನ್‌ಸ್ಪೆಕ್ಷನ್ ರೂಮಿನಲ್ಲಿ. ಹೊರಗೆ ಲೇತ್ ಮುಂದೆ ನಿಂತ ಜನ ಎಣ್ಣೆ, ಬೆವರು, ಕಬ್ಬಿಣದ ಚೂರುಗಳ ಮಧ್ಯೆ ಒದ್ದಾಡುತ್ತಿದ್ದರೆ ಇವರು ಗಾಜಿನ ಹಿಂದೆ, ಎಸಿ ತಂಪಿನಲ್ಲಿ, ಇಸ್ತ್ರಿ ಅಂಗಿ ಹಾಕಿಕೊಂಡು ಆ ಜನ ಮಾಡಿ ಕಳಿಸಿದ್ದನ್ನು ಅಳೆಯೋರು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾಗಿದ್ದರೂ ಅದಕ್ಕೆ ಕೆಂಪು ಬಣ್ಣ ಬಳಿದು ಪಕ್ಕಕ್ಕೆ ಎಸೆಯೋರು. ಎಸೆದದ್ದು ಸಾಲದು ಅಂತ, ಮಾಡಿದವನನ್ನು ಗಾಜಿನ ಬಾಗಿಲ ತನಕ ಕರೆಸಿ, "ಇದನ್ನ ಕೈಯಾಗ ಮಾಡಿದಿಯೋ ಕಾಲಾಗ ಮಾಡಿದಿಯೋ?" ಅಂತ ಕೇಳೋರು. ಹೀಗೆ ಬೇರೆಯವರ ತಪ್ಪು ಹುಡುಕಿಯೇ ಸಂಬಳ ತಿಂದ ಮನುಷ್ಯನಿಗೆ, ನಿವೃತ್ತಿಯಾದ ಮೇಲೆ ಆ ಕೆಲಸ ಬಿಡು ಅಂದರೆ ಹೇಗೆ ಬಿಟ್ಟಾರು. ನಾಗಸಂದ್ರ ಮೆಟ್ರೋ ನಿಲ್ದಾಣದ ಹಿಂದಿನ ಅಪಾರ್ಟ್‌ಮೆಂಟಿಗೆ ಬಂದು, ಅಲ್ಲಿ ಲಿಫ್ಟಿನಿಂದ ಹಿಡಿದು ಸೆಕ್ರೆಟರಿಯ ಇಂಗ್ಲಿಷಿನ ತನಕ ಎಲ್ಲವನ್ನೂ ಅಳೆಯತೊಡಗಿದರು.

ಕ್ಯಾಮೆರಾ ಬಂದದ್ದು ಆಗಲೇ. ತಿಂಗಳುಗಟ್ಟಲೆ ಓದಿ, ಅಂಗಡಿಯವರ ತಲೆ ತಿಂದು, ಕೈಗೆ ಒಳ್ಳೆ ಭಾರ ಬರುವಂಥ ಒಂದು ಡಿಜಿಟಲ್ ಕ್ಯಾಮೆರಾ ತಂದರು. ಅದಕ್ಕೆ ಒಂದೇ ಲೆನ್ಸು. ಧೂಳು ಹೊಕ್ಕೀತು ಅಂತ ಆ ಲೆನ್ಸನ್ನು ಬಿಚ್ಚುತ್ತಿರಲಿಲ್ಲ, ಬೇರೆಯವರು ಅದರ ಹತ್ತಿರ ಉಸಿರು ಬಿಟ್ಟರೂ ಹುಬ್ಬು ಗಂಟಿಕ್ಕೋರು. ಫೋನಿನಲ್ಲಿ ಫೋಟೋ ತೆಗೆಯುವವರನ್ನು ಕಂಡರೆ ಅವರಿಗೆ ಮೈ ಉರಿಯುತ್ತಿತ್ತು. "ಬೊಟ್ಟು ಒತ್ತಿದ್ರ ಫೋಟೋ ಅಲ್ಲ ಅದು, ಬೊಟ್ಟು ಒತ್ತಿದ್ದು ಅಷ್ಟ" ಅನ್ನೋರು. ಇವರು ತೆಗೆದದ್ದೇನು ಘನಂದಾರಿಯಾಗಿತ್ತು ಅಂತೀರಾ? ಬೆಳಕು ಲೆಕ್ಕಕ್ಕೆ ಸರಿ, ಗೆರೆ ನೆಟ್ಟಗೆ, ಎಲ್ಲ ಸರಿ, ಜೀವ ಮಾತ್ರ ಇಲ್ಲ. ಚಿಕ್ಕಬಾಣಾವರ ಕೆರೆಯ ಬೆಳ್ಳಕ್ಕಿಗಳು ಇವರ ಫೋಟೋದಲ್ಲಿ ಪಾಸ್‌ಪೋರ್ಟ್ ಆಫೀಸಿಗೆ ಬಂದು ನಿಂತವರ ಹಾಗೆ ಕಾಣುತ್ತಿದ್ದವು.

ಇಂಥವರಿಗೂ ಒಬ್ಬ ಸ್ನೇಹಿತನಿದ್ದ. ಹೆಸರು ಶ್ಯಾಮಣ್ಣ. ಅದೇ ಕಾರ್ಖಾನೆಯಲ್ಲಿ ಲೇತ್ ಮೇಲೆ ಇದ್ದವನು. ಅಂದರೆ ಮಡಿವಾಳಪ್ಪನವರು ಕೆಂಪು ಬಳಿದು ಎಸೆದ ಸಾಮಾನಿನಲ್ಲಿ ಅವನ ಪಾಲೂ ಧಾರಾಳವಾಗಿತ್ತು. ಅವನು ಈ ಊರಿನವನೇ. ಇವತ್ತು ಅಪಾರ್ಟ್‌ಮೆಂಟಿನ ಕಾರುಗಳು ನಿಲ್ಲುವ ಜಾಗದಲ್ಲಿ ಹಿಂದೆ ಅವರ ಮನೆಯ ರಾಗಿ ಬೆಳೆಯುತ್ತಿತ್ತು. ಈಗ ಹಳೇ ಊರಿನ ಗಲ್ಲಿಯಲ್ಲಿ ಸಾಲಾಗಿ ಬಾಡಿಗೆ ಮನೆಗಳಿವೆ, ಮಗ ಲೋಕೇಶನಿಗೆ ನೀರಿನ ಟ್ಯಾಂಕರುಗಳಿವೆ, ಯಾರ ಹಂಗೂ ಇಲ್ಲ. ಆದರೂ ಪ್ರತಿ ಬೆಳಿಗ್ಗೆ ಸ್ಕೂಟರ್ ತಂದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ನಿಲ್ಲಿಸಿ, ಹಳೇ ಸಾಹೇಬರನ್ನು ಹಿಂದೆ ಕೂರಿಸಿಕೊಂಡು ಕೆರೆ ಕಡೆ ವಾಕಿಂಗಿಗೆ ಹೊರಡುತ್ತಿದ್ದ. ದಾರಿಯುದ್ದಕ್ಕೂ ಅವನ ಸ್ಕೂಟರ್ ಓಡಿಸುವ ರೀತಿಯಿಂದ ಹಿಡಿದು ಶರಟಿನ ಗುಂಡಿಯ ತನಕ ಬೈಗುಳ. ನೀನು ಯಾಕಯ್ಯಾ ಇದನ್ನೆಲ್ಲ ಕೇಳಿಸ್ಕೊತೀಯ ಅಂತ ಯಾರಾದರೂ ಕೇಳಿದರೆ ಶ್ಯಾಮಣ್ಣ ನಗೋನು. "ಓಗ್ಲಿ ಬಿಡಿ. ಮನೇಲಿ ಬಾಡಿಗೇರೆಲ್ಲಾ ಓನರ್ರು ಓನರ್ರು ಅಂತ ಕೈ ಮುಗೀತಾರೆ. ಬಯ್ಯೋರೂ ಒಬ್ರು ಬೇಡ್ವಾ?" ಅನ್ನೋನು. ಅವನೊಬ್ಬ ಇಲ್ಲದಿದ್ದರೆ ಮಡಿವಾಳಪ್ಪನವರ ಜೊತೆ ಆ ಊರಿನಲ್ಲಿ ಒಂದು ಲೋಟ ಕಾಫಿ ಕುಡಿಯುವವರಿಗೂ ಗತಿ ಇರಲಿಲ್ಲ, ಅದು ಅವರಿಗೂ ಗೊತ್ತಿತ್ತು.

ಆ ಶ್ಯಾಮಣ್ಣ ಇಷ್ಟು ವರ್ಷದಲ್ಲಿ ಒಂದೇ ಒಂದು ಸಲ ಏನೋ ಕೇಳಿದ. ಲೋಕೇಶನ ಮಗುವಿಗೆ ನಾಮಕರಣ, ಫೋಟೋ ತೆಗೆಯೋದಕ್ಕೆ ಸಾಹೇಬರೇ ಬರಬೇಕು. ಅದೇ ದಿನ ಮಡಿವಾಳಪ್ಪನವರಿಗೆ ಹಾವೇರಿಯಲ್ಲಿ ತಮ್ಮನ ಮಗನ ಮದುವೆ. ಹಾಗಾದರೆ ಕ್ಯಾಮೆರಾನಾದರೂ ಕೊಟ್ಟಿರಿ ಸಾರ್ ಅಂದ. ಕೊಡುವ ಮನಸ್ಸು ಇವರಿಗೆ ಎಳ್ಳಷ್ಟೂ ಇರಲಿಲ್ಲ. ಕಮಲಮ್ಮ ಅಡುಗೆಮನೆಯಿಂದಲೇ, "ಕೊಡ್ರಿ. ದಿನಾ ಅವನ ಗಾಡಿ ಮ್ಯಾಲ ಕುಂತು ತಿರಗತೀರಿ, ನಾಚಿಕಿ ಬರಂಗಿಲ್ಲೇನು?" ಅಂದರು. ಲೋಕೇಶನನ್ನು ಕೂರಿಸಿಕೊಂಡು, ಎಲ್ಲಿ ಮುಟ್ಟಬೇಕು ಅನ್ನುವುದಕ್ಕಿಂತ ಎಲ್ಲೆಲ್ಲಿ ಮುಟ್ಟಬಾರದು ಅನ್ನುವ ಪಾಠ ಮಾಡಿ, ಹೆತ್ತ ಮಗಳನ್ನು ಬೀಗರ ಮನೆಗೆ ಕಳಿಸುವ ಮುಖ ಮಾಡಿಕೊಂಡು ಬ್ಯಾಗು ಕೊಟ್ಟರು.

ಲೋಕೇಶ ಒಳ್ಳೆ ಹುಡುಗ. ಹುಡುಗ ಏನು ಬಂತು, ಒಂದು ಮಗುವಿನ ತಂದೆ. ಊರಿಂದ ಇವರು ಬಂದ ಮಾರನೇ ದಿನವೇ ಬ್ಯಾಗನ್ನು ಒರೆಸಿ ತಂದು ಕೊಟ್ಟ. ಕೊಡುತ್ತ, "ಸಾರ್, ಯಾಕೋ ಗೊತ್ತಿಲ್ಲ, ಒಂದೊಂದು ಫೋಟೋ ಪೂರ್ತಿ ಕಪ್ಪಗೆ ಬಂದಿದೆ, ಒಂದೊಂದು ಬೆಳ್ಳಗೆ. ನೀವು ಹೇಳಿದ್ದು ಬಿಟ್ಟು ಬೇರೇನೂ ಮುಟ್ಟಿಲ್ಲ ಸಾರ್. ಒಂದ್ಸಲ ನೋಡ್ತೀರಾ?" ಅಂದ.

ಮಡಿವಾಳಪ್ಪನವರು ನೋಡಲೇ ಇಲ್ಲ. "ಕ್ಯಾಮೆರಾ ತಪ್ಪು ಮಾಡಂಗಿಲ್ಲಪಾ. ಅದರ ಹಿಂದ ನಿಂತ ಪ್ರಾಣಿ ತಪ್ಪು ಮಾಡತೈತಿ" ಅಂದು ಬ್ಯಾಗನ್ನು ಕಪಾಟಿನಲ್ಲಿಟ್ಟರು. ಆ ಮಗುವಿನ ನಾಮಕರಣದ ಫೋಟೋ ಅರ್ಧಕ್ಕರ್ಧ ಹಾಳಾಯಿತಲ್ಲ ಅನ್ನುವುದು ಅವರ ತಲೆಗೆ ಹೋಗಲೂ ಇಲ್ಲ.

ಇದಾಗಿ ಸ್ವಲ್ಪ ದಿನಕ್ಕೆ ಮರಿಯಮ್ಮನ ವಿಷಯ ಬಂತು. ಮರಿಯಮ್ಮ ಅಂದರೆ ಶ್ಯಾಮಣ್ಣನ ತಾಯಿ. ವಯಸ್ಸು ಎಷ್ಟೋ ಅವಳಿಗೂ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ. ಡಾಕ್ಟರು ಎದೆ ವೀಕಾಗಿದೆ ಅಂದಿದ್ದರು. ಮನೆಯ ಹಾಲಿನಲ್ಲಿ ಅವಳ ಗಂಡನ ಫೋಟೋ ಹಾರ ಹಾಕಿಕೊಂಡು ಕೂತಿತ್ತು. ತಾನು ಇನ್ನೂ ನೆಟ್ಟಗೆ ಕೂರುವ ಶಕ್ತಿ ಇರುವಾಗಲೇ ಅದರ ಪಕ್ಕಕ್ಕೆ ತನ್ನದೂ ಒಂದು ಆಗಲಿ ಅಂತ ಮುದುಕಿ ಹಟ ಹಿಡಿದಳು. ಇದುವರೆಗೆ ಅವಳದ್ದು ಅಂತ ಇದ್ದದ್ದು ಆಧಾರ್ ಕಾರ್ಡಿನ ಒಂದು ಮುಖ, ಅದು ಯಾರದಾದರೂ ಆಗಬಹುದಾಗಿತ್ತು. ಸ್ಟುಡಿಯೋಗೆ ಹೋಗೋಣ ಅಂದರೆ ಬೇಡವಂತೆ. "ಅಲ್ಲೋದ್ರೆ ನಗಿ ಅಜ್ಜಿ, ನಗಿ ಅಜ್ಜಿ ಅಂತಾನೆ. ಯಾಕ್ ನಗ್ಬೇಕು ನಾನು? ನಿನ್ ಸಿಡುಕು ಸಾಯೇಬ್ರು ಅವ್ರಲ್ಲ, ಅವ್ರನ್ನ ಕರ್ಕೊಂಬಾ. ಅವ್ರು ನಗು ಅನ್ನಕಿಲ್ಲ" ಅಂದಳಂತೆ. ಕೇಳಿ ಮಡಿವಾಳಪ್ಪನವರಿಗೆ ಒಳಗೊಳಗೇ ಹಿಗ್ಗು. ತೋರಿಸಿಕೊಳ್ಳದೆ, "ಭಾನುವಾರ ಬರ್ತೀನಿ. ಕಿಟಕಿ ಒರಸಿಡ್ರಿ, ನಿಮ್ಮ ಮನಿಯಾಗ ಎಂದರ ಒರಸೀರೋ ಇಲ್ಲೋ" ಅಂದರು.

ಭಾನುವಾರ ಹೋದರು. ಮುದುಕಿ ಟ್ರಂಕಿನ ತಳದಿಂದ ತೆಗೆದ ಹಸಿರು ಸೀರೆ ಉಟ್ಟು, ತಲೆ ಬಾಚಿಸಿಕೊಂಡು, ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಮನೆಮಂದಿಯೆಲ್ಲ ಗೋಡೆಗೆ ಒರಗಿ ನಿಂತಿದ್ದರು. ಮಡಿವಾಳಪ್ಪನವರು ಒಂದು ತೆಗೆದರು. ಬಾವಿಯೊಳಗೆ ತೆಗೆದ ಹಾಗೆ ಕಪ್ಪು. ಅಲ್ಲೇ ನಿಂತು, ಏನೂ ಬದಲಾಯಿಸದೆ ಇನ್ನೊಂದು ತೆಗೆದರು. ಈ ಸಲ ಮುಖವೆಲ್ಲ ಬೆಳ್ಳಗಾಗಿ, ಎರಡು ಕಣ್ಣು, ಎರಡು ಓಲೆ ಬಿಟ್ಟು ಮುದುಕಿಯೇ ಇಲ್ಲ. ಮತ್ತೊಂದು ಪರವಾಗಿಲ್ಲ ಅನ್ನುವಂತಿತ್ತು, ಆದರೆ ಅದರಲ್ಲಿ ಅವಳು ಕಣ್ಣು ಮುಚ್ಚಿದ್ದಳು. ಅದರ ಮುಂದಿನದು ಪುನಃ ಕಪ್ಪು. ಬೆಳಕು ಅಳೆಯುವುದು ಕ್ಯಾಮೆರಾದ ಕೆಲಸ, ಆ ಕೆಲಸವನ್ನೇ ಅದು ಬಾಯಿಗೆ ಬಂದ ಹಾಗೆ ಮಾಡುತ್ತಿತ್ತು. ಮಡಿವಾಳಪ್ಪನವರು ಕಿಟಕಿಯನ್ನು ಬೈದರು, ಸೀರೆಯನ್ನು ಬೈದರು, ಗೋಡೆಯ ಸುಣ್ಣವನ್ನು ಬೈದರು. ಮರಿಯಮ್ಮ ಕತ್ತು ನೋಯುತ್ತಿದ್ದರೂ ಅಲ್ಲಾಡದೆ ಕೂತು, "ಆಯ್ತೇನಪ್ಪಾ?" ಅಂದಳು.

ಆಗಿರಲಿಲ್ಲ. ಅಷ್ಟು ಜನರ ಎದುರು ಬೆವರು ಒರೆಸಿಕೊಳ್ಳುತ್ತ ನಿಂತಿರುವಾಗ, ಕಾಫಿ ತಟ್ಟೆ ಹಿಡಿದ ಲೋಕೇಶ ಕಣ್ಣಿಗೆ ಬಿದ್ದ. ಸಿಕ್ಕಿದನಲ್ಲ, ಸಾಕು.

"ಏನು ಮಾಡಿದಿ ನೀ ಇದಕ್ಕ? ಕೆಳಗ ಒಗದಿಯೋ, ನೀರಾಗ ಅದ್ದಿದಿಯೋ? ಟ್ಯಾಂಕರ್ ತೊಳಿಯೋ ಕೈಯಾಗ ಕ್ಯಾಮೆರಾ ಕೊಟ್ಟೆ ನೋಡು, ನನಗ ಬುದ್ಧಿ ಇಲ್ಲ. ನಿಮ್ಮಪ್ಪ ಲೇತ್ ಮುಂದ ನಿಂತು ಒಂದು ಪೀಸ್ ನೆಟ್ಟಗ ಮಾಡಿದ್ದು ನಾ ಕಾಣಲಿಲ್ಲ. ನಿಮ್ಮ ಮನಿತನದ ಕೈ ಎಮ್ಮಿ ಕಟ್ಟಾಕ ಅಷ್ಟ ಲಾಯಕ್ಕು."

ಲೋಕೇಶನ ಹೆಂಡತಿ ಮಗುವನ್ನು ಎತ್ತಿಕೊಂಡು ಅಲ್ಲೇ ನಿಂತಿದ್ದಳು. "ನಾನೇನೂ ಮಾಡಿಲ್ಲ ಸಾರ್" ಅಂದ ಲೋಕೇಶ, ಅಷ್ಟೇ. ತನ್ನನ್ನು ಏನು ಅಂದರೂ ಹಲ್ಲು ಬಿಡುತ್ತಿದ್ದ ಶ್ಯಾಮಣ್ಣ ಅವತ್ತು ನಗಲಿಲ್ಲ. "ಸಾರ್, ಇವತ್ತಿಗೆ ಸಾಕು" ಅಂತ ಬ್ಯಾಗಿನ ಜಿಪ್ಪು ತಾನೇ ಎಳೆದು ಕೈಗೆ ಕೊಟ್ಟ. ಮುದುಕಿ ಎದ್ದು ಒಳಗೆ ಹೋಗಿ ಹಸಿರು ಸೀರೆ ಬಿಚ್ಚಿ ಮಡಿಸಿಟ್ಟಳು.

ಮಾರನೇ ಬೆಳಿಗ್ಗೆ ಗೇಟಿನ ಹತ್ತಿರ ಸ್ಕೂಟರ್ ಬರಲಿಲ್ಲ. ಅದರ ಮಾರನೇ ದಿನವೂ ಇಲ್ಲ. ಮಡಿವಾಳಪ್ಪನವರು ಶೂ ಹಾಕಿಕೊಂಡು ಸೆಕ್ಯೂರಿಟಿಯವನ ಪಕ್ಕ ನಿಂತು, ಅವನ ಟೋಪಿ ಸರಿ ಇಲ್ಲ ಅಂತ ಬೈದು ವಾಪಸ್ ಬಂದರು. ಫೋನ್ ಮಾಡಬಹುದಿತ್ತು. ಮಾಡುವುದು ಅಂದರೆ ಸೋತಂತೆ ಅಂತ ಅವರ ಲೆಕ್ಕ. ಬದಲಿಗೆ ಅವರು ಇನ್ನೊಂದು ಯೋಚನೆ ಮಾಡಿದರು: ಕ್ಯಾಮೆರಾವನ್ನು ಲೋಕೇಶನೇ ಕೆಡಿಸಿದ್ದು ಅಂತ ರುಜುವಾತು ಮಾಡಿ, ಹೋಗಿ ತೋರಿಸಿಬಿಟ್ಟರೆ ಶ್ಯಾಮಣ್ಣ ತಾನಾಗಿ ಬರುತ್ತಾನೆ. ಸ್ನೇಹಿತನನ್ನು ವಾಪಸ್ ತರೋದಕ್ಕೆ ಅವನ ಮಗನ ತಪ್ಪಿನ ಸಾಕ್ಷಿ ಹುಡುಕಲು ಹೊರಟ ಮಹಾನುಭಾವರು ಇವರೊಬ್ಬರೇ ಇರಬೇಕು.

ಶುರುವಾಯಿತು. ಬಾಲ್ಕನಿಯ ಬಿಳಿ ಗೋಡೆಯ ಎದುರು ಸ್ಟ್ಯಾಂಡ್ ಇಟ್ಟು ಕ್ಯಾಮೆರಾ ಕೂರಿಸಿದರು. ಕಾರ್ಖಾನೆಯ ಪದ್ಧತಿಯೇ ಪದ್ಧತಿ: ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಬೇಕು, ಉಳಿದದ್ದೆಲ್ಲ ಇದ್ದ ಹಾಗೇ ಇರಬೇಕು. ಬ್ಯಾಟರಿ ಬದಲಾಯಿಸಿದರು. ಕಪ್ಪು, ಬಿಳಿ. ಮೆಮೊರಿ ಕಾರ್ಡು ಬದಲಾಯಿಸಿದರು. ಕಪ್ಪು, ಬಿಳಿ. ಬೆಳಕನ್ನು ಇಡೀ ಚಿತ್ರದಲ್ಲಿ ಅಳೆಯುವ ಬದಲು ನಡುವಿನ ಒಂದು ಚುಕ್ಕಿಯಲ್ಲಿ ಅಳೆಯುವ ಹಾಗೆ ಮಾಡಿದರು. ಅದೇ ಹಾಡು. ಕೊನೆಗೆ ಕ್ಯಾಮೆರಾದ ಬುದ್ಧಿಯೇ ಬೇಡ ಅಂತ ಎಲ್ಲವನ್ನೂ ತಾವೇ ಕೈಯಿಂದ ಗೊತ್ತುಮಾಡಿ ತೆಗೆದರು. ಆಗಲೂ ಒಂದು ಕತ್ತಲೆ, ಒಂದು ಬೆಳಕು. ಮೋಡ ಅಡ್ಡ ಬಂತು ಅಂತ ಆಕಾಶವನ್ನು ಬೈಯುತ್ತಿದ್ದಾಗ ಕಮಲಮ್ಮ ಬಟ್ಟೆ ಒಣಗಿಸುತ್ತ, "ಸೂರ್ಯಗೂ ಕೆಂಪು ಬಣ್ಣ ಹಚ್ಚಿ ಒಗದುಬಿಡ್ರಿ" ಅಂದರು.

ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದರೆ ಒಬ್ಬಳು ಹುಡುಗಿ, ಒಮ್ಮೆ ಆಫ್ ಮಾಡಿ ಆನ್ ಮಾಡಿ ಸಾರ್ ಅಂದಳು. ನಿಮ್ಮನ್ನ ಒಮ್ಮೆ ಆಫ್ ಮಾಡಬೇಕು ಅಂದು ಇಟ್ಟರು. ಮುಖ್ಯರಸ್ತೆಯಲ್ಲಿ ವಸಂತ್ ಅನ್ನುವವನ ಸ್ಟುಡಿಯೋ ಇತ್ತು, ಬನಿಯನ್ನಲ್ಲಿ ಬಂದವರಿಗೂ ಕಂಪ್ಯೂಟರಿನಲ್ಲಿ ಕೋಟು ತೊಡಿಸಿ ಪಾಸ್‌ಪೋರ್ಟ್ ಫೋಟೋ ಮಾಡಿಕೊಡುವ ಸ್ಟುಡಿಯೋ. ಅಲ್ಲಿಗೆ ಮೂಗು ಮುಚ್ಚಿಕೊಂಡವರ ಹಾಗೆ ಹೋದರು. ಅವನು, ಲೆನ್ಸ್ ಬಿಚ್ಚಿ ನೋಡೋಣ ಕೊಡಿ ಸಾರ್, ಅಂತ ಗುಂಡಿಯ ಮೇಲೆ ಬೆರಳಿಟ್ಟ ತಕ್ಷಣ ಕ್ಯಾಮೆರಾ ಕಿತ್ತುಕೊಂಡರು. "ನಿನ್ನ ಈ ಧೂಳಿನ ಗೂಡಿನಾಗ ಬಿಚ್ಚಬೇಕಾ? ಮೊದಲ ಕಸಾ ಹೊಡಿ" ಅಂದು ಹೊರಟೇಬಿಟ್ಟರು. ವಸಂತ್ ಆಮೇಲೆ ಎಷ್ಟೋ ಹೊತ್ತು ಬಾಗಿಲ ಕಡೆ ನೋಡುತ್ತ ಕೂತಿದ್ದನಂತೆ.

ಕಾರಣ ಸಿಕ್ಕಿದ್ದು ಅಕಸ್ಮಾತ್ತಾಗಿ. ಒಂದು ಬೆಳಿಗ್ಗೆ ಸ್ಟ್ಯಾಂಡಿನ ಮೇಲಿದ್ದ ಕ್ಯಾಮೆರಾವನ್ನು ಪಕ್ಕಕ್ಕೆ ಸರಿಸಲು ಲೆನ್ಸನ್ನು ಹಿಡಿದರು, ಅದು ತನ್ನ ಜಾಗದಲ್ಲಿ ಒಂದು ಚೂರು ಅಲುಗಿತು. ಅಲುಗಿದ್ದೇ ತಡ, ಹಿಂದಿನ ಪರದೆಯ ಮೇಲಿದ್ದ ಅಂಕಿ ಮಾಯವಾಗಿ, ಮತ್ತೆ ಬಂತು. ಮಡಿವಾಳಪ್ಪನವರ ಕೈ ಅಲ್ಲೇ ನಿಂತಿತು. ಆ ಕಡೆ ಒತ್ತಿ ತೆಗೆದರು, ಕಪ್ಪು. ಈ ಕಡೆ ಒತ್ತಿ ತೆಗೆದರು, ಬಿಳಿ. ಅವರಿಗಾದ ಖುಷಿ ಏನು ಹೇಳೋಣ. ಲೆನ್ಸೂ ಕ್ಯಾಮೆರಾವೂ ಕೂಡುವ ಜಾಗದಲ್ಲೇ ತೊಂದರೆ. ಅಲ್ಲಿಗೆ ಲೋಕೇಶ ಕೆಳಗೆ ಬೀಳಿಸಿದ್ದಾನೆ, ಕಬ್ಬಿಣ ತಗ್ಗಿದೆ, ಬಾಯಿ ಮುಚ್ಚಿಕೊಂಡು ತಂದಿಟ್ಟಿದ್ದಾನೆ. ಸಿಕ್ಕಿಬಿದ್ದ ಕಳ್ಳ. "ಕಮಲಾ, ನನ್ನ ಭೂತಗನ್ನಡಿ ತಾ" ಅಂತ ಕೂಗಿದರು. ಕಾರ್ಖಾನೆಯಲ್ಲಿ ಸಣ್ಣ ಬಿರುಕು ನೋಡಲು ಕಣ್ಣಿಗೆ ಹಚ್ಚಿಕೊಳ್ಳುತ್ತಿದ್ದ ಪುಟ್ಟ ಗಾಜು ಅದು. ಬಿಳಿ ಟವೆಲ್ ಹಾಸಿ, ಫ್ಯಾನ್ ಆರಿಸಿ, ಲೆನ್ಸ್ ಬಿಚ್ಚಿದರು.

ತಗ್ಗು ಇರಲಿಲ್ಲ. ಗೀರೂ ಇರಲಿಲ್ಲ. ಲೆನ್ಸಿನ ಹಿಂದಿನ ಉಕ್ಕಿನ ಬಳೆಯ ಮೇಲೆ ಬೆಳ್ಳಗೆ ಮೂರು ಗೆರೆ ಇದ್ದವು. ಪಕ್ಕಪಕ್ಕದಲ್ಲಿ, ಒಂದಕ್ಕೊಂದು ಸಮ ಅಂತರ ಬಿಟ್ಟು ಎಳೆದ ಮೂರು ಗೆರೆ. ಒಣಗಿದ ವಿಭೂತಿ. ಬಳೆಯ ಒಳಗೆ ಸಾಲಾಗಿ ಚಿನ್ನದ ಬಣ್ಣದ ಸಣ್ಣ ಮೊಳೆಗಳಿರುತ್ತವೆ, ಲೆನ್ಸು ಮತ್ತು ಕ್ಯಾಮೆರಾ ಮಾತಾಡಿಕೊಳ್ಳುವುದು ಅವುಗಳ ಮೂಲಕ. ಗೆರೆಯಿಂದ ಹರಿದಿಳಿದ ಬೂದಿ ಆ ಮೊಳೆಗಳ ಮೇಲೆ ಕೆನೆ ಕಟ್ಟಿ ಕೂತಿತ್ತು. ಮೊಳೆ ತಾಗಿದರೆ ಒಂದು ಲೆಕ್ಕ, ತಾಗದಿದ್ದರೆ ಇನ್ನೊಂದು ಲೆಕ್ಕ.

ಶ್ಯಾಮಣ್ಣನ ಮನೆಯವರು ಯಾವುದಕ್ಕೆ ಪೂಜೆ ಮಾಡಿದರೂ ಅರಿಶಿನ ಕುಂಕುಮ ಹಚ್ಚೋರು. ಇದು ಅವರ ಮನೆಯದಲ್ಲ. ಹೀಗೆ ಗೆರೆಯ ನಡುವೆ ಅಳತೆ ಮಾಡಿ ಜಾಗ ಬಿಡುವ ಕೈ ಈ ಭೂಮಿ ಮೇಲೆ ಒಂದೇ ಇತ್ತು.

ಕಾರ್ಖಾನೆಯ ಆಯುಧಪೂಜೆ ನೋಡಿದವರಿಗೆ ಇದು ಅರ್ಥವಾದೀತು. ಹೊರಗಿನವರು ಲೇತಿಗೆ ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದು, ಪುರಿ ಹಂಚಿ ಮುಗಿಸೋರು. ಇನ್‌ಸ್ಪೆಕ್ಷನ್ ರೂಮಿನಲ್ಲಿ ಹಾಗಲ್ಲ. ಅಲ್ಲಿ ಪ್ರತಿ ಅಳತೆಯ ಉಪಕರಣವನ್ನೂ ಪೆಟ್ಟಿಗೆಯಿಂದ ತೆಗೆದು, ಬಿಚ್ಚುವಂಥದ್ದಾದರೆ ಬಿಚ್ಚಿ, ಒಂದೊಂದು ಭಾಗಕ್ಕೂ ಬೇರೆಬೇರೆಯಾಗಿ ವಿಭೂತಿ. "ಮುಚ್ಚಿದ ಡಬ್ಬಿಗೆ ಪೂಜಿ ಮಾಡಿದ್ರ ಅದು ಡಬ್ಬಿಗೆ ಅಷ್ಟ ಮುಟ್ಟತೈತಿ" ಅನ್ನುವುದು ಮಡಿವಾಳಪ್ಪನವರ ಸಿದ್ಧಾಂತ. ಮಾರನೇ ದಿನ ಎಲ್ಲವನ್ನೂ ಸ್ಪಿರಿಟ್ ಹಚ್ಚಿ ಒರೆಸಲು ಅಲ್ಲಿ ಆಳಿದ್ದ. ಈ ಸಲದ ಆಯುಧಪೂಜೆಯಲ್ಲಿ ಕಮಲಮ್ಮ ಬ್ಯಾಗಿಗೇ ಒಂದು ಹೂವು ಮುಡಿಸೋಣ ಅಂದದ್ದಕ್ಕೆ, ತಲೆ ಇಲ್ಲದವರ ಪೂಜೆ ಅಂತ ಗದರಿ, ಯಾವತ್ತೂ ಬಿಚ್ಚದ ಲೆನ್ಸನ್ನು ಅದೊಂದು ದಿನ ಬಿಚ್ಚಿ, ಲೆನ್ಸು ಬೇರೆ, ಕ್ಯಾಮೆರಾ ಬೇರೆ ಮಾಡಿ ಮಣೆಯ ಮೇಲೆ ಕೂರಿಸಿದ್ದರು. ಗಾಜಿಗೆ ಹಚ್ಚಬಾರದು, ರಬ್ಬರು ಏಳುತ್ತದೆ, ಬಣ್ಣ ಕಲೆಯಾಗುತ್ತದೆ ಅಂತೆಲ್ಲ ಯೋಚಿಸಿ, ಹೊಳೆಯುವ ಬರಿ ಉಕ್ಕನ್ನೇ ಹುಡುಕಿ, ಅಲ್ಲಿ ಮೂರು ಬೆರಳಿನಿಂದ ಒದ್ದೆ ವಿಭೂತಿ ಎಳೆದಿದ್ದರು. ಆರತಿ ಮಾಡಿ, ಜೋಡಿಸಿ, ಒಳಗಿಟ್ಟರು. ಮಾರನೇ ದಿನ ಹಾವೇರಿ ಮದುವೆಯ ಗಡಿಬಿಡಿ, ಒರೆಸುವ ಆಳು ಮನೆಯಲ್ಲಿರಲಿಲ್ಲ. ಅಷ್ಟು ತಲೆ ಓಡಿಸಿ ಮಾಡಿದ ಪೂಜೆ ಅದು. ತಲೆ ಇಲ್ಲದವರು ಮಾಡಿದ್ದರೆ ಕ್ಯಾಮೆರಾ ಕೆಡುತ್ತಿರಲಿಲ್ಲ.

ಕಮಲಮ್ಮ ಬಗ್ಗಿ ನೋಡಿದರು. ಭೂತಗನ್ನಡಿ ಬೇಕಾಗಲಿಲ್ಲ.

"ಇವು ನಿಮ್ಮ ಬೆರಳಲ್ಲೇನ್ರಿ?"

ಮಡಿವಾಳಪ್ಪನವರು ಹತ್ತಿಗೆ ಸ್ಪಿರಿಟ್ ಹಾಕುತ್ತಿದ್ದರು.

"ಲೋಕೇಶಗ ಹೇಳಬೇಕು" ಅಂದರು ಕಮಲಮ್ಮ.

"ಹೇಳೋಣು ಬಿಡು."

"ಹೇಳೋಣು ಅಲ್ಲ. ನೀವು ಹೇಳಬೇಕು. ಅಷ್ಟು ಮಂದಿ ಮುಂದ ಅಂದೀರಿ, ಅಷ್ಟು ಮಂದಿ ಮುಂದ ಹೇಳ್ರಿ."

ಒರೆಸಿ ಜೋಡಿಸಿ ಗೋಡೆಯ ಮುಂದೆ ಇಟ್ಟು ತೆಗೆದರೆ ಒಂದೊಂದೂ ಅಚ್ಚುಕಟ್ಟು. ಕಪ್ಪಿಲ್ಲ, ಬಿಳಿಯಿಲ್ಲ. ಬರಿ ಗೋಡೆ, ಇದ್ದ ಹಾಗೇ ಗೋಡೆ. ಅದನ್ನು ನೋಡಿ ಅವರಿಗೆ ಒಂದಿಷ್ಟೂ ಖುಷಿಯಾಗಲಿಲ್ಲ.

ಮಾರನೇ ದಿನ ಬೆಳಿಗ್ಗೆ ಬ್ಯಾಗು ಹೆಗಲಿಗೆ ಹಾಕಿಕೊಂಡು ಹಳೇ ಊರಿನ ಗಲ್ಲಿಗೆ ನಡೆದುಕೊಂಡೇ ಹೋದರು. ದಾರಿಯಲ್ಲಿ ಏನು ಹೇಳಬೇಕು ಅಂತ ಅಳೆದೂ ಸುರಿದೂ ಒಂದು ಮಾತು ಕಟ್ಟಿಕೊಂಡರು. ವಿಭೂತಿ ಅಂದರೇನು, ಬೂದಿ. ಬೂದಿ ಅಂದರೇನು, ಒಂಥರಾ ಧೂಳೇ. ಧೂಳು ಹೊಕ್ಕಿತ್ತು, ಈಗ ಸರಿಯಾಯಿತು ಅಂದರೆ ಸುಳ್ಳೇನೂ ಆಗಲಿಲ್ಲವಲ್ಲ. ನೋಡಿ, ಇನ್ನೊಬ್ಬರ ಕೆಲಸದಲ್ಲಿ ಕೂದಲೆಳೆಯಷ್ಟನ್ನೂ ಬಿಡದ ಮನುಷ್ಯ, ತನ್ನ ಸರದಿ ಬಂದಾಗ ಅಳತೆಗೋಲನ್ನೇ ಎಳೆದು ಉದ್ದ ಮಾಡಿಕೊಂಡ. ಇಂಥವರಿಗೆ ಏನನ್ನಬೇಕು.

"ಬನ್ನಿ ಸಾರ್, ಕೂತ್ಕೊಳಿ" ಅಂದ ಶ್ಯಾಮಣ್ಣ. ಬಾಡಿಗೆಗೆ ಮನೆ ಕೇಳಿಕೊಂಡು ಬಂದವರಿಗೂ ಅವನು ಹಾಗೇ ಅನ್ನೋದು. ಮರಿಯಮ್ಮ ಕಿಟಕಿ ಪಕ್ಕ ಕೂತಿದ್ದಳು. ಇಷ್ಟೇ ದಿನದಲ್ಲಿ ಇಳಿದುಹೋಗಿದ್ದಳು, ಕುರ್ಚಿಯಲ್ಲಿ ಒಂದು ಕಡೆ ದಿಂಬು ಕೊಟ್ಟಿದ್ದರು. ಲೋಕೇಶ ಮಗುವನ್ನು ಎತ್ತಿಕೊಂಡು ಬಾಗಿಲ ಹತ್ತಿರ ನಿಂತಿದ್ದ.

"ಕ್ಯಾಮೆರಾ ಸರಿ ಆತು. ಅಮ್ಮಂದು ಇವತ್ತ ತಗದುಬಿಡೋಣು" ಅಂದರು ಮಡಿವಾಳಪ್ಪನವರು.

"ಏನಾಗಿತ್ತು ಸಾರ್?" ಅಂದ ಶ್ಯಾಮಣ್ಣ.

"ಒಳಗ ಧೂಳು ಹೊಕ್ಕಿತ್ತು."

ಅಷ್ಟು ಹೇಳಿ ಸುಮ್ಮನಾದರು. ಯಾರ ಧೂಳು, ಎಲ್ಲಿಯ ಧೂಳು ಅಂತ ಹೇಳಲಿಲ್ಲ. ಹೇಳದೆ ಇದ್ದದ್ದನ್ನು ಎಲ್ಲರೂ ತಾವೇ ತುಂಬಿಕೊಂಡು ಲೋಕೇಶನ ಕಡೆ ನೋಡಿದರು. ಟ್ಯಾಂಕರಿನವನು, ದಿನಾ ಮಣ್ಣು ರಸ್ತೆಯಲ್ಲಿ ಓಡಾಡುವವನು, ಅವನಲ್ಲದೆ ಇನ್ಯಾರು. ಶ್ಯಾಮಣ್ಣ ತಲೆ ಬಗ್ಗಿಸಿದ. ಮಗ ಮಾಡಿಲ್ಲ ಅಂದದ್ದನ್ನು ಇಷ್ಟು ದಿನ ನಂಬಿಕೊಂಡಿದ್ದನಲ್ಲ, ಪಾಪ.

ಮರಿಯಮ್ಮನೇ ಬಾಯಿ ಬಿಟ್ಟಳು. "ಬಾರ್ಲಾ ಇಲ್ಲಿ ಲೋಕೇಸ. ಇಲ್ಲ ಇಲ್ಲ ಅಂತಿದ್ದೆ, ಈಗೇನಂತೀಯಾ? ದೊಡ್ಡೋರ ಸಾಮಾನು ತಂದು ಆಳ್ ಮಾಡಿದ್ದೀಯ. ಕಾಲ್ ಮುಟ್ಟಿ ತಪ್ಪಾಯ್ತು ಅನ್ನು. ಅಲ್ಲಿಗ್ ಮುಗೀಲಿ."

"ಅಜ್ಜೀ, ನಾನು ನಿಜವಾಗ್ಲೂ..."

"ಮುಟ್ಟು ಅಂದೆ."

ಲೋಕೇಶ ಒಂದು ಸಲ ಹೆಂಡತಿಯ ಮುಖ ನೋಡಿದ. ಮಗುವನ್ನು ಅವಳ ಕೈಗೆ ಕೊಟ್ಟ. ಅವನ ಮುಖದಲ್ಲಿ ಸಿಟ್ಟೂ ಇರಲಿಲ್ಲ, ಸೋತವನ ಮುಖ ಅದು. ಹತ್ತಿರ ಬಂದು, ಮಂಡಿ ಬಗ್ಗಿಸಿ, ಕೈ ಚಾಚಿದ. ಮಡಿವಾಳಪ್ಪನವರು ಅವನ ನೆತ್ತಿಯನ್ನು ನೋಡುತ್ತ ನಿಂತಿದ್ದರು. ಬೆರಳು ಇನ್ನೇನು ಪಾದಕ್ಕೆ ತಾಗಬೇಕು, ಕೆಂಡ ತುಳಿದವರ ಹಾಗೆ ಕಾಲು ಹಿಂದೆಳೆದುಕೊಂಡರು.

"ಬ್ಯಾಡ. ಏಳು ಮ್ಯಾಲ. ಧೂಳಲ್ಲ ಅದು, ವಿಭೂತಿ. ಆಯುಧಪೂಜಿ ದಿನ ಲೆನ್ಸ್ ಬಿಚ್ಚಿ ನಾನ ಹಚ್ಚಿದ್ದು. ಅದು ಒಳಗ ಕುಂತು ಕೆಟ್ಟಿತ್ತು. ನೀ ತಗೊಂಡು ಹೋಗೂಕಿಂತ ಮೊದಲ ಕೆಟ್ಟಿತ್ತು."

ಹೊರಗೆ ಗಲ್ಲಿಯಲ್ಲಿ ಯಾರೋ ಗಾಡಿ ತೊಳೆಯುತ್ತಿದ್ದರು, ಆ ನೀರಿನ ಸದ್ದು ಕೇಳುತ್ತಿತ್ತು. ಲೋಕೇಶ ಎದ್ದು ಪ್ಯಾಂಟಿನ ಮಂಡಿ ಕೊಡವಿಕೊಂಡ.

"ಯಾವಾಗ್ ಗೊತ್ತಾಯ್ತು ನಿಂಗೆ?" ಅಂದಳು ಮರಿಯಮ್ಮ. ಅವಳ ಬಾಯಲ್ಲಿ ಸಾಯೇಬ್ರು ಹೋಗಿ ನೀನು ಬಂದಿತ್ತು.

"ನಿನ್ನೆ."

"ನಿನ್ನೆ ಗೊತ್ತಾಗಿ, ಇವತ್ತು ಧೂಳು ಅಂದೆ."

ಮುದುಕಿ ಅವರನ್ನು ಮೇಲಿಂದ ಕೆಳಗೆ, ಇಸ್ತ್ರಿ ಅಂಗಿಯಿಂದ ಬರಿಗಾಲಿನ ತನಕ ನೋಡಿದಳು. ಹಾಗೆ ಅವರನ್ನು ಯಾರೂ ಯಾವತ್ತೂ ನೋಡಿರಲಿಲ್ಲ.

"ಅವ್ನು ಬಗ್ಗೋಗಂಟ ಕಾದ್ಯಲ್ಲಪ್ಪಾ" ಅಂದಳು.

ಅವರು ಶ್ಯಾಮಣ್ಣನ ಕಡೆ ತಿರುಗಿದರು. ಅವನಾದರೂ ಏನಾದರೊಂದು ಹೇಳಿ ತೇಲಿಸಿಬಿಡುತ್ತಾನೆ ಅಂತ ಇರಬೇಕು. ಶ್ಯಾಮಣ್ಣ ಮಗನ ಭುಜದ ಮೇಲೆ ಕೈ ಹಾಕಿಕೊಂಡು ನಿಂತಿದ್ದ, ಇವರ ಕಡೆ ನೋಡಲಿಲ್ಲ.

"ಆ ಅಸಿರು ಸೀರೆ ತಕ್ಕೊಂಬಾ" ಅಂತ ಮರಿಯಮ್ಮ ಲೋಕೇಶನ ಹೆಂಡತಿಗೆ ಹೇಳಿದಳು. ಉಡುವ ಶಕ್ತಿ ಇರಲಿಲ್ಲ, ಉಟ್ಟದ್ದರ ಮೇಲೆಯೇ ಹೆಗಲಿನಿಂದ ಸುತ್ತಿಸಿಕೊಂಡಳು. ಮಡಿವಾಳಪ್ಪನವರಿಗೆ ಹೋದ ಜೀವ ಬಂದಂತಾಗಿ, ಬೇಗಬೇಗ ಬ್ಯಾಗು ತೆರೆದು ಕ್ಯಾಮೆರಾ ಹೊರಗೆ ತೆಗೆದರು. ಕಣ್ಣಿಗೆ ಹಚ್ಚಿಕೊಂಡು ಒಂದು ಹೆಜ್ಜೆ ಮುಂದೆ ಬಂದರು.

"ನೀನಲ್ಲ" ಅಂದಳು ಮುದುಕಿ. "ಲೋಕೇಸ, ನಿನ್ ಪೋನ್ ತಗಿ."

ಲೋಕೇಶ ಜೇಬಿನಿಂದ ಫೋನ್ ತೆಗೆದು, ಗಾಜನ್ನು ಅಂಗಿಗೆ ಒರೆಸಿ, ಎದುರಿಗೆ ಬಂದು ನಿಂತ. ಫ್ಯಾನಿನ ಗಾಳಿಗೆ ಕಿಟಕಿಯ ಪರದೆ ಹಾರಿ ಹಾರಿ ಅವಳ ಮುಖದ ಮೇಲೆ ನೆರಳು ಬೀಳುತ್ತಿತ್ತು.

"ಒಸಿ ಆ ಪರದೆ ಇಡ್ಕೊಳಪ್ಪಾ" ಅಂದಳು ಮರಿಯಮ್ಮ. ಹೇಳಿದ್ದು ಯಾರಿಗೆ ಅಂತ ಮಡಿವಾಳಪ್ಪನವರಿಗೆ ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು.

ಅವರು ಕ್ಯಾಮೆರಾವನ್ನು ನೆಲದ ಮೇಲಿಟ್ಟು, ಎರಡೂ ಕೈಯಲ್ಲಿ ಪರದೆಯನ್ನು ಒಟ್ಟುಮಾಡಿ ಎತ್ತಿ ಹಿಡಿದರು. ಬೆಳಕು ಬಂತು. ಲೋಕೇಶ ಒಂದು ತೆಗೆದು ಅಜ್ಜಿಗೆ ತೋರಿಸಿದ. ಇನ್ನೊಂದು ತೆಗಿ ಅಂದಳು. ಅದನ್ನೂ ತೆಗೆದ. ಆಮೇಲೆ ಶ್ಯಾಮಣ್ಣ, ಲೋಕೇಶ, ಅವನ ಹೆಂಡತಿ ಎಲ್ಲರೂ ಕುರ್ಚಿಯ ಸುತ್ತ ಬಗ್ಗಿ ಫೋನಿನೊಳಗೆ ಮುದುಕಿಯನ್ನು ನೋಡುತ್ತ, ಯಾವುದನ್ನು ದೊಡ್ಡದು ಮಾಡಿಸೋಣ ಅಂತ ಮಾತಾಡತೊಡಗಿದರು. ಮಡಿವಾಳಪ್ಪನವರ ತೋಳು ನೋಯುತ್ತಿತ್ತು. ಸಾಕು ಬಿಡಿ ಅಂತ ಯಾರೂ ಹೇಳಲಿಲ್ಲ. ಅವರು ಪರದೆ ಹಿಡಿದುಕೊಂಡೇ ನಿಂತಿದ್ದರು.